ಪಾಚಿ ಮೇಲೆ ಜಾರಿಕೊಂಡವರು

2025 ಬಂತು, ಹೋಯಿತು. ಗಾಡಿ ಓಡಿಸಲು ದಿನಕ್ಕೆ 10,000 ಬ್ಯಾರೆಲ್ ಪಾಚಿಯ ಎಣ್ಣೆ ಎಲ್ಲಿ ಅಂತ ಯಾರೂ ಕೇಳಲಿಲ್ಲ. ನಾನಾದರೂ ಕೇಳೋಣ ಅಂತ ಅಮೆರಿಕದ ತೈಲ ಕಂಪನಿ ಎಕ್ಸಾನ್ ಮೊಬಿಲ್ 2018ರಲ್ಲಿ ಹೇಳಿದ್ದನ್ನು ಮತ್ತೆ ತೆಗೆದು ಓದಿದೆ. ತಪ್ಪು ನನ್ನದೇ. ಎಣ್ಣೆ ಕೊಡುತ್ತೇವೆ ಅಂತ ಅವರು ಹೇಳೇ ಇಲ್ಲ. 2025ರ ಹೊತ್ತಿಗೆ ಅಷ್ಟು ತೆಗೆಯುವ ‘ತಾಂತ್ರಿಕ ಸಾಮರ್ಥ್ಯ’ ಬರಬಹುದು ಅಂದಿದ್ದರು, ಅಷ್ಟೇ.

ಎಂಥಾ ಮಾತು! ನಮ್ಮ ಬೀದಿಯಲ್ಲಿ ಚೀಟಿ ನಡೆಸುವವರಿಗೆ ಇದಿನ್ನೂ ಗೊತ್ತಾಗಿಲ್ಲ, ಪುಣ್ಯ.

ಪಾಪ, ಪಾಚಿಯದೇನೂ ತಪ್ಪಿಲ್ಲ. ನಮ್ಮ ಹಿತ್ತಲ ತೊಟ್ಟಿಯಲ್ಲಿ ಬೇಡ ಅಂದರೂ ಬೆಳೆಯುತ್ತದೆ. ಬೇಕು ಅಂದವರ ಹತ್ತಿರ ಮಾತ್ರ ಅದಕ್ಕೆ ಬಿಂಕ. ನೈಟ್ರೋಜನ್ ಹಾಕಿ ಸಾಕಿದರೆ ಚೆನ್ನಾಗಿ ಬೆಳೆಯುತ್ತದೆ, ಎಣ್ಣೆ ಕಮ್ಮಿ. ಉಪವಾಸ ಕೆಡವಿದರೆ ಕೊಬ್ಬು ಕಟ್ಟುತ್ತದೆ, ಬೆಳೆಯುವುದಿಲ್ಲ. ಏಕಾದಶಿ ಮಾಡಿ ಮಾಡಿಯೇ ಮೈ ಬೆಳೆಸಿದ ನಮ್ಮ ದೊಡ್ಡಪ್ಪನ ನೆನಪಾಯಿತು. ಅವರ ಉಪವಾಸವೆಂದರೆ ಮೂರು ತಟ್ಟೆ ಉಪ್ಪಿಟ್ಟು, ಎರಡು ಲೋಟ ಹಾಲು, ಮೇಲೆ ಬಾಳೆಹಣ್ಣು. ನಡುವೆ ಯಾರಾದರೂ ಕಾಫಿ ಕೇಳಿದರೆ ‘ನನಗೂ ಒಂಚೂರು’ ಅನ್ನೋರು.

ಇರಲಿ. 2009ರಲ್ಲಿ ಎಕ್ಸಾನ್‌ನವರು ವಂಶವಾಹಿ ವಿಜ್ಞಾನಿ ಕ್ರೇಗ್ ವೆಂಟರ್ ಅವರ ಕಂಪನಿಯ ಜೊತೆ ಸೇರಿ ಪಾಚಿಯ ಎಣ್ಣೆಗೆ 60 ಕೋಟಿ ಡಾಲರ್‌ವರೆಗೂ ಹಾಕುತ್ತೇವೆ ಅಂದರು. 2013ರಲ್ಲಿ ಎಕ್ಸಾನ್ ಮುಖ್ಯಸ್ಥ ರೆಕ್ಸ್ ಟಿಲ್ಲರ್ಸನ್, ಇದು ಬಹುಶಃ 25 ವರ್ಷಕ್ಕಿಂತಲೂ ದೂರ ಅಂದರು. ಐದೇ ವರ್ಷಕ್ಕೆ ಅದು 2025 ಆಯಿತು. 25 ಅಂದದ್ದು ಯಾರಿಗೋ 2025 ಅಂತ ಕೇಳಿಸಿರಬೇಕು. ಆ 10,000 ಬ್ಯಾರೆಲ್ ಬಂದಿದ್ದರೂ ಎಷ್ಟು ಮಹಾ? ಆಗ ಕಂಪನಿ ಎಣ್ಣೆ, ಗ್ಯಾಸ್ ಲೆಕ್ಕ ಸೇರಿಸಿ ದಿನಕ್ಕೆ ತೆಗೆಯುತ್ತಿದ್ದದ್ದು ಸುಮಾರು 38 ಲಕ್ಷ ಬ್ಯಾರೆಲ್. ಸಾವಿರಕ್ಕೆ ಮೂರೂ ಆಗುವುದಿಲ್ಲ.

ಆದರೆ ಪಾಚಿ ತೋರಿಸುವ ಅವರ ಜಾಹೀರಾತು ಮಾತ್ರ ಎಷ್ಟು ಹಸಿರು ಅಂತೀರಿ! ಕಣ್ಣಿಗೇ ತಂಪು.

2022ರಲ್ಲಿ ಕಂಪನಿಗೆ ಸುಮಾರು 5,600 ಕೋಟಿ ಡಾಲರ್ ಲಾಭ. ಆ ಲೆಕ್ಕ ಹೊರಬಿದ್ದ ಕೆಲವೇ ದಿನಕ್ಕೆ, 2023ರ ಫೆಬ್ರವರಿಯಲ್ಲಿ, ಪಾಚಿಗೆ ದುಡ್ಡು ನಿಲ್ಲಿಸಿದ ಸುದ್ದಿ ಬಂತು. ಅಷ್ಟು ವರ್ಷ ಸೇರಿ ಹಾಕಿದ್ದು ಸುಮಾರು 35 ಕೋಟಿ ಡಾಲರ್. ಗುಣಿಸಿ ನೋಡಿದೆ. ಎರಡೂವರೆ ದಿನದ ಲಾಭವೂ ಅಲ್ಲ. ಲ್ಯಾಬಿನಲ್ಲಿ ಕೂತವರು ನಿಜವಾಗಿಯೇ ದುಡಿದಿದ್ದರು. ಪಾಚಿಯ ಎಣ್ಣೆಯನ್ನು ನೂರಕ್ಕೆ 20ರಿಂದ 40ಕ್ಕೆ ಏರಿಸಿದ್ದರು. ಅವರ ಹಸಿರು ನೀರನ್ನು ತೋರಿಸಿ ಇವರು ಪೆಟ್ರೋಲ್ ಮಾರಿದರು. ಇದಕ್ಕೆ ಸಂಶೋಧನೆ ಅನ್ನಲು ನನಗೆ ಬಾಯಿ ಬರುವುದಿಲ್ಲ. ನಗಲೂ ಬೇಜಾರು.

ಭಾನುವಾರ ತೊಟ್ಟಿ ಯಾವಾಗ ತೊಳೆಯುತ್ತೀರಿ ಅಂತ ಹೆಂಡತಿ ಕೇಳಿದಳು. ಸಂಜೆಯ ಹೊತ್ತಿಗೆ ತಾಂತ್ರಿಕ ಸಾಮರ್ಥ್ಯ ಬರಬಹುದು ಅಂದೆ. ಬ್ರಷ್ಷು ತಂದು ಕೈಗೆ ಕೊಟ್ಟಳು.