ಅಂಗಳಕ್ಕೆಲ್ಲ ವಿಷ ಹೊಡೆಯುವ ಮೊದಲು ನಾಯಿ ಎಲ್ಲಿ ಮಲಗುತ್ತದೆ ನೋಡಿ

ನಾಯಿಗೆ ಚಿಗಟ ಆಗಿದೆ ಎಂದು ಗೊತ್ತಾದ ತಕ್ಷಣ ಬಹಳ ಜನ ಮಾಡುವ ಮೊದಲ ಕೆಲಸ ಅಂದ್ರೆ, ಪಂಪು ಹಿಡಿದು ಅಂಗಳಕ್ಕೆಲ್ಲ ಕೀಟನಾಶಕ ಹೊಡೆಯುವುದು. ಗೇಟಿನಿಂದ ಹಿತ್ತಲವರೆಗೆ ಹುಲ್ಲು, ಗಿಡ, ಮಣ್ಣು ಯಾವುದನ್ನೂ ಬಿಡುವುದಿಲ್ಲ. ಇದನ್ನು ನೋಡಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ. ಆ ಹುಲ್ಲಿನ ಮೇಲೆ ಓಡಾಡುವುದು ನಾಯಿ, ಹೊರಳಾಡುವುದು ನಾಯಿ, ಆಮೇಲೆ ಪಾದ ನೆಕ್ಕಿಕೊಳ್ಳುವುದೂ ಅದೇ ನಾಯಿ. ಇಷ್ಟೆಲ್ಲ ಮಾಡಿದರೂ ಆ ವಿಷದ ಮುಕ್ಕಾಲು ಪಾಲು ಬೀಳುವುದು ಚಿಗಟವೇ ಇಲ್ಲದ ಜಾಗದ ಮೇಲೆ.

ಯಾಕೆ ಅಂತ ಹೇಳುತ್ತೇನೆ. ದೊಡ್ಡ ಚಿಗಟ ನಾಯಿಯ ಮೈಮೇಲೆಯೇ ಇರುತ್ತದೆ. ಅಲ್ಲೇ ರಕ್ತ ಕುಡಿಯುತ್ತದೆ, ಅಲ್ಲೇ ಮೊಟ್ಟೆ ಇಡುತ್ತದೆ. ಒಂದು ಹೆಣ್ಣು ಚಿಗಟ ದಿನಕ್ಕೆ 40-50 ಮೊಟ್ಟೆಗಳವರೆಗೂ ಇಡಬಲ್ಲದು. ಆದರೆ ಆ ಮೊಟ್ಟೆ ನುಣುಪು, ಕೂದಲಿಗೆ ಅಂಟಿಕೊಳ್ಳುವುದಿಲ್ಲ. ನಾಯಿ ಮಲಗಿದಲ್ಲಿ, ಮೈ ಕೊಡವಿದಲ್ಲಿ ಉದುರುತ್ತದೆ. ಅದರ ಜೊತೆ ಕಪ್ಪು ಪುಡಿಯೂ ಉದುರುತ್ತದೆ. ಅದು ಚಿಗಟದ ಹಿಕ್ಕೆ, ಅಂದ್ರೆ ಒಣಗಿದ ರಕ್ತ. ಮೊಟ್ಟೆಯಿಂದ ಹೊರಬಂದ ಹುಳಕ್ಕೆ ಅದೇ ಊಟ. ಈ ಹುಳಕ್ಕೆ ಬೆಳಕು ಆಗದು, ಬಿಸಿಲಿಗೆ ಬಿದ್ದರೆ ಒಣಗಿ ಸಾಯುತ್ತದೆ. ಗಾಳಿಯ ತೇವಾಂಶ ಶೇಕಡಾ 50ಕ್ಕಿಂತ ಕೆಳಗಿಳಿದರೂ ಬದುಕುವುದು ಕಷ್ಟ. ಹಾಗಾಗಿ ಬಿಸಿಲು ಬೀಳುವ ಬಯಲು ಹುಲ್ಲಿನಲ್ಲಿ ಅದಕ್ಕೆ ನೆಲೆಯೇ ಇಲ್ಲ. ನೆರಳು, ಸ್ವಲ್ಪ ತೇವ, ನಾಯಿ ಬಂದು ಮಲಗುವ ಅಭ್ಯಾಸ, ಈ ಮೂರೂ ಕೂಡಿದ ಜಾಗವೇ ಅದರ ಮನೆ. ಮೆಟ್ಟಿಲ ಕೆಳಗೆ, ಪೊದೆಯ ಬುಡದಲ್ಲಿ, ನಾಯಿಗೂಡಿನ ಹಿಂದೆ, ತರಗೆಲೆ ಕೊಳೆಯುವ ಮೂಲೆಯಲ್ಲಿ ಅದು ಇರುತ್ತದೆ.

ಹಾಗಾಗಿ ಔಷಧಿ ಕೊಳ್ಳುವ ಮೊದಲು ಸುಮ್ನೆ ಒಂದು ದಿನ ನಾಯಿಯನ್ನು ಗಮನಿಸಿ. ಮಧ್ಯಾಹ್ನ ಎಲ್ಲಿ ಹೋಗಿ ಬೀಳುತ್ತದೆ? ಎಲ್ಲಿ ಮಣ್ಣು ಕೆದಕಿ ತಂಪು ಮಾಡಿಕೊಳ್ಳುತ್ತದೆ? ಆ ಜಾಗಗಳಲ್ಲಿ ಬಿಳಿ ಕಾಲುಚೀಲವನ್ನು ಮೊಣಕಾಲಿನವರೆಗೆ ಏರಿಸಿಕೊಂಡು ನಿಧಾನವಾಗಿ ಓಡಾಡಿ. ಚಿಗಟ ಇದ್ದರೆ ಬಟ್ಟೆಗೆ ಹಾರುತ್ತದೆ, ಬಿಳಿ ಬಣ್ಣದ ಮೇಲೆ ಚೆನ್ನಾಗಿ ಕಾಣುತ್ತದೆ. ಕೆಲಸ ಮಾಡಬೇಕಾದದ್ದು ಅಲ್ಲಿ ಮಾತ್ರ.

ಆ ಕೆಲಸದ ದೊಡ್ಡ ಭಾಗ ಪೊರಕೆ ಮತ್ತು ಕತ್ತರಿಯದು. ತರಗೆಲೆ ಗುಡಿಸಿ ಚೀಲಕ್ಕೆ ತುಂಬಿ ಬಾಯಿ ಕಟ್ಟಿ ಹೊರಗೆ ಹಾಕಿ. ಕೆಳಗಿನ ಕೊಂಬೆ ಸವರಿ ಬಿಸಿಲು ನೆಲಕ್ಕೆ ಬೀಳುವಂತೆ ಮಾಡಿ. ಹುಲ್ಲು ಗಿಡ್ಡ ಇರಲಿ. ನೀರು ಹಾಕುವುದನ್ನು ಕಡಿಮೆ ಮಾಡಿ. ಹೊರಗಿನ ಬೆಕ್ಕು, ಹೆಗ್ಗಣ ಬಂದು ಮಲಗುವ ಸಂದುಗಳನ್ನು ಮುಚ್ಚಿ, ಆದರೆ ಒಳಗೆ ಮರಿ ಇಲ್ಲ ಅಂತ ನೋಡಿಕೊಂಡೇ ಮುಚ್ಚಿ. ನಾಯಿಯ ಮೈಮೇಲೆ ಹೆಚ್ಚಾಗಿ ಸಿಗುವುದು ಬೆಕ್ಕಿನ ಚಿಗಟ ಎಂಬ ಜಾತಿಯೇ. ಹಾಗಾಗಿ ಬೆಕ್ಕು ಮಲಗೆದ್ದು ಹೋದ ಜಾಗ ನಾಯಿಗೂ ತೊಂದರೆಯೇ. ಮನೆಯೊಳಗಿನ ಹಾಸಿಗೆ, ಚಾಪೆ, ಸೋಫಾದ ಸಂದುಗಳನ್ನು ಮಾತ್ರ ಮರೆಯಬೇಡಿ. ನಾಯಿ ಒಳಗೂ ಮಲಗುತ್ತದೆ ಅಂದ್ರೆ ಮೊಟ್ಟೆ ಒಳಗೂ ಇರುತ್ತದೆ. ಅದರ ಹಾಸಿಗೆಯನ್ನು ವಾರಕ್ಕೊಮ್ಮೆ ಬಿಸಿ ನೀರಿನಲ್ಲಿ ಒಗೆಯಿರಿ.

ಜೊತೆಗೆ ನಾಯಿಯ ಮೈಗೂ ಚಿಕಿತ್ಸೆ ಆಗಲೇಬೇಕು. ಮೈಮೇಲೆ ಚಿಗಟ ಇಟ್ಟುಕೊಂಡು ಅಂಗಳ ಎಷ್ಟು ಗುಡಿಸಿದರೂ ದಿನವೂ ಹೊಸ ಮೊಟ್ಟೆ ಉದುರುತ್ತಲೇ ಇರುತ್ತದೆ. ಯಾವ ಮಾತ್ರೆ, ಮೈಮೇಲೆ ಹಾಕುವ ಯಾವ ಹನಿ ಎಂಬುದನ್ನು ನಾಯಿಯ ತೂಕ, ವಯಸ್ಸು, ಆರೋಗ್ಯ ನೋಡಿ ಪಶುವೈದ್ಯರೇ ಹೇಳಬೇಕು. ಅಫಾಕ್ಸೊಲೇನರ್, ಫ್ಲೂರಲೇನರ್‌ನಂಥ ಮಾತ್ರೆಗಳು ಚೆನ್ನಾಗಿ ಕೆಲಸ ಮಾಡುತ್ತವೆ. ಆದರೆ ಈ ಗುಂಪಿನ ಔಷಧಿಗಳಿಂದ ಕೆಲವು ನಾಯಿಗಳಿಗೆ ನಡುಕ, ಫಿಟ್ಸ್ ಬರಬಹುದು ಎಂದು ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಎಚ್ಚರಿಸಿದೆ. ನಿಮ್ಮ ನಾಯಿಗೆ ಹಿಂದೆ ಫಿಟ್ಸ್ ಬಂದಿದ್ದರೆ ವೈದ್ಯರಿಗೆ ಮೊದಲೇ ಹೇಳಿ. ಮನೆಯಲ್ಲಿ ಬೆಕ್ಕೂ ಇದ್ದರೆ ಪರ್ಮೆಥ್ರಿನ್ ಎಂಬ ಕೀಟನಾಶಕ ಇರುವ ನಾಯಿಯ ಔಷಧಿಯನ್ನು ಅದಕ್ಕೆ ತಾಗಿಸಲೇಬೇಡಿ. ಬೆಕ್ಕಿನ ಜೀವಕ್ಕೇ ಅಪಾಯ.

ಈಗ ನನಗೆ ಅತಿ ಮುಖ್ಯ ಅನ್ನಿಸುವ ವಿಷಯ. ಎಲ್ಲವನ್ನೂ ಸರಿಯಾಗಿ ಮಾಡಿದ ಮೇಲೂ ಎರಡು ಮೂರು ವಾರಕ್ಕೆ ಚಿಗಟ ಮತ್ತೆ ಕಾಣಿಸುತ್ತದೆ. ಜನ ಹೆದರುವುದು ಇಲ್ಲೇ. ಔಷಧಿ ಕೆಲಸ ಮಾಡಲಿಲ್ಲ ಅಂದುಕೊಂಡು ಎರಡು ಪಟ್ಟು ಹಾಕುತ್ತಾರೆ, ಇಲ್ಲವೇ ಒಂದರ ಮೇಲೆ ಇನ್ನೊಂದು ಔಷಧಿ ಸುರಿಯುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹುಳ ದೊಡ್ಡದಾಗುವ ಮೊದಲು ಅಂಟಂಟಾದ ಗೂಡು ಕಟ್ಟಿಕೊಂಡು ಒಳಗೆ ಕೂರುತ್ತದೆ. ಮೇಲೆ ದೂಳು, ಮಣ್ಣು ಅಂಟಿಕೊಂಡು ಗೂಡು ಕಣ್ಣಿಗೇ ಕಾಣುವುದಿಲ್ಲ. ಕೀಟನಾಶಕ ಅದರೊಳಗೆ ಸರಿಯಾಗಿ ಇಳಿಯುವುದಿಲ್ಲ. ಅದು ಅಲ್ಲಿ ತಿಂಗಳುಗಟ್ಟಲೆ ಕಾಯಬಲ್ಲದು. ಹತ್ತಿರದಲ್ಲಿ ಪ್ರಾಣಿ ಓಡಾಡಿದ ಕಂಪನ, ಮೈಯ ಬಿಸಿ, ಉಸಿರಿನ ಗಾಳಿ ಸಿಕ್ಕಾಗ ಹೊರಗೆ ಬಂದು ಹಾರುತ್ತದೆ. ಒಟ್ಟು ಚಿಗಟಗಳಲ್ಲಿ ನಮ್ಮ ಕಣ್ಣಿಗೆ ಬೀಳುವ ದೊಡ್ಡವು ಸುಮಾರು ಶೇಕಡಾ 5 ಮಾತ್ರ ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಉಳಿದದ್ದು ಮೊಟ್ಟೆ, ಹುಳ, ಗೂಡು. ಹಾಗಾಗಿ ನಾಯಿಯ ಚಿಕಿತ್ಸೆಯನ್ನು ಹೇಳಿದ ಪ್ರಮಾಣದಲ್ಲೇ ಕನಿಷ್ಠ ಮೂರು ತಿಂಗಳು ಬಿಡದೆ ಮುಂದುವರಿಸಬೇಕು. ಹೊಸದಾಗಿ ಬಂದ ಚಿಗಟ ಔಷಧಿ ಇರುವ ನಾಯಿಯನ್ನು ಕಚ್ಚಿ ಸಾಯಲಿ, ಮೊಟ್ಟೆ ಇಡುವ ಹೊತ್ತು ಅದಕ್ಕೆ ಸಿಗದಿರಲಿ. ಚಿಗಟದ ಸಂತತಿ ಮುರಿಯುವುದು ಹೀಗೆ, ಅಲ್ವಾ?

ಇಷ್ಟಾದರೂ ಒಂದು ಮೂಲೆ ಬಗ್ಗುತ್ತಿಲ್ಲ ಎಂದರೆ ಅಲ್ಲಿಗೆ ಮಾತ್ರ ಏನಾದರೂ ಹಾಕಬಹುದು. ಸ್ಟೈನರ್ನೀಮಾ ಕಾರ್ಪೊಕ್ಯಾಪ್ಸೆ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ಜಂತು ಇದೆ. ಮಣ್ಣಿನಲ್ಲಿರುವ ಚಿಗಟದ ಹುಳದೊಳಗೆ ಹೊಕ್ಕು ಅದನ್ನು ಕೊಲ್ಲುತ್ತದೆ, ನಾಯಿಗೆ ಏನೂ ಮಾಡುವುದಿಲ್ಲ. ನೀರಿನಲ್ಲಿ ಬೆರೆಸಿ ಸಂಜೆ ಹೊತ್ತು ನೆರಳಿನ ಜಾಗಕ್ಕೆ ಹಾಕಬೇಕು. ಕೆಲವು ದಿನ ಅಷ್ಟು ಮಣ್ಣನ್ನು ಮಾತ್ರ ಒದ್ದೆ ಇಡಬೇಕು, ಒಣಗಿದರೆ ಸತ್ತುಹೋಗುತ್ತದೆ. ನನ್ನ ಮೊದಲ ಆಯ್ಕೆ ಇದೇ. ರಾಸಾಯನಿಕವೇ ಬೇಕೆಂದರೆ ಹುಳ ಬೆಳೆಯದಂತೆ ತಡೆಯುವ ಪೈರಿಪ್ರಾಕ್ಸಿಫೆನ್ ನೋಡಿ. ಅದೇ ಕೆಲಸ ಮಾಡುವ ಮೆಥೊಪ್ರೀನ್ ಬಿಸಿಲಿಗೆ ಬೇಗ ಹಾಳಾಗುತ್ತದೆ. ಅಂಗಳದಲ್ಲಿ, ಪ್ರಾಣಿ ಇರುವಲ್ಲಿ ಬಳಸಬಹುದು ಎಂದು ಲೇಬಲ್ ಮೇಲೆ ಬರೆದಿರಬೇಕು. ಹೊಡೆಯುವ ಮೊದಲು ನೀರಿನ ಬಟ್ಟಲು, ಆಟದ ಸಾಮಾನು ಎತ್ತಿಡಿ. ಪೂರ್ತಿ ಒಣಗುವವರೆಗೆ ನಾಯಿಯನ್ನು ಬಿಡಬೇಡಿ. ಹೂವಿನ ಮೇಲೆ ಬೇಡ, ಜೇನು ಸಾಯುತ್ತದೆ. ಮೀನಿನ ಕೊಳ ಇದ್ದರೆ ಪೈರೆಥ್ರಾಯ್ಡ್ (ಪರ್ಮೆಥ್ರಿನ್ ಗುಂಪಿನ ಕೀಟನಾಶಕ) ಹತ್ತಿರ ತರಲೇಬೇಡಿ. ಬೆಳೆಗೆ ಹೊಡೆಯುವ ಔಷಧಿ ಉಳಿದಿದೆ ಅಂತ ಅದನ್ನೇ ಅಂಗಳಕ್ಕೆ ಹಾಕುವುದು ತಪ್ಪು. ನಾಯಿ ಜೊಲ್ಲು ಸುರಿಸಿದರೆ, ನಡುಗಿದರೆ, ವಾಂತಿ ಮಾಡಿದರೆ ಆ ಡಬ್ಬದ ಸಮೇತ ಕೂಡಲೇ ವೈದ್ಯರ ಬಳಿ ಹೋಗಿ.

ನೈಸರ್ಗಿಕ ಅಂದ ಮಾತ್ರಕ್ಕೆ ನಂಬಬೇಡಿ. ಬೆಳ್ಳುಳ್ಳಿ ತಿನ್ನಿಸಿದರೆ ಚಿಗಟ ಹೋಗುವುದಿಲ್ಲ, ಜಾಸ್ತಿಯಾದರೆ ನಾಯಿಯ ರಕ್ತ ಕೆಡುತ್ತದೆ. ಟೀ ಟ್ರೀ ಎಣ್ಣೆ ನಾಯಿಗೆ ವಿಷ. ನುಸಿಗುಳಿಗೆ, ಸೀಮೆಎಣ್ಣೆ ಅಂತೂ ಬೇಡವೇ ಬೇಡ. ಡಯಾಟಮ್ ಮಣ್ಣಿನ ಪುಡಿ (ಸೂಕ್ಷ್ಮ ಪಾಚಿಗಳ ಪಳೆಯುಳಿಕೆಯ ಪುಡಿ) ಒಣಗಿದ್ದಾಗ ಸ್ವಲ್ಪ ಕೆಲಸ ಮಾಡುತ್ತದೆ, ಆದರೆ ಅದರ ದೂಳು ಉಸಿರಿನ ಜೊತೆ ಒಳಗೆ ಹೋದರೆ ನಿಮಗೂ ನಾಯಿಗೂ ಒಳ್ಳೆಯದಲ್ಲ.

ಮನೆಯಲ್ಲಿ ಸಣ್ಣ ಮರಿಗಳಿದ್ದರೆ ಇನ್ನೂ ಎಚ್ಚರ ಬೇಕು. ಎಷ್ಟೋ ಔಷಧಿಗಳನ್ನು ಎಳೆ ಮರಿಗೆ ಹಾಕುವಂತಿಲ್ಲ. ವೈದ್ಯರು ಹೇಳುವವರೆಗೆ ಸಣ್ಣ ಹಲ್ಲಿನ ಬಾಚಣಿಗೆಯಿಂದ ದಿನವೂ ಬಾಚಿ, ಸಿಕ್ಕ ಚಿಗಟವನ್ನು ಸೋಪಿನ ನೀರಿಗೆ ಅದ್ದಿ. ಬಾಚಿದಾಗ ಬಂದ ಕಪ್ಪು ಪುಡಿಯನ್ನು ಒದ್ದೆ ಬಿಳಿ ಕಾಗದದ ಮೇಲೆ ಹಾಕಿ ನೋಡಿ, ಕೆಂಪಗೆ ಹರಡಿದರೆ ಅದು ಚಿಗಟದ ಹಿಕ್ಕೆಯೇ. ಮರಿಯ ತುಟಿ ಎತ್ತಿ ಒಸಡು ನೋಡುವ ಅಭ್ಯಾಸ ಮಾಡಿಕೊಳ್ಳಿ. ಒಸಡು ಬಿಳಿಚಿಕೊಂಡಿದ್ದು ಮರಿ ಮಂಕಾಗಿದ್ದರೆ ಚಿಗಟ ಅದರ ರಕ್ತವನ್ನೇ ಬತ್ತಿಸುತ್ತಿರಬಹುದು. ನಾಳೆ ನೋಡೋಣ ಎನ್ನಬೇಡಿ, ಅವತ್ತೇ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.