ನಲ್ಲಿ ತೊಟ್ಟಿಕ್ಕಿದರೂ ಪ್ಲಂಬರೇ ಬರಬೇಕಾ?

ಮೊಬೈಲಿನ ಮೂಲೆಮೂಲೆ ಬಲ್ಲ ಹತ್ತನೇ ಕ್ಲಾಸಿನ ಹುಡುಗರಿಗೆ ಮನೆಯ ನೀರು ನಿಲ್ಲಿಸೋ ಗೇಟ್ ವಾಲ್ವ್ ಎಲ್ಲಿದೆ ಅಂತ ಗೊತ್ತಿಲ್ಲ. 1720 ಮೆಗಾವಾಟ್ ವಿದ್ಯುತ್ ಸ್ಥಾವರ ಇರೋ ರಾಯಚೂರು ಜಿಲ್ಲೆಯಲ್ಲಿ, ಪ್ಲಗ್ ಕೀಳದೇ ತಗಡಿನ ಕೂಲರಿಗೆ ನೀರು ಸುರಿಯುತ್ತಾರೆ! ಸೋರಿದ ಕರೆಂಟನ್ನು ನೆಲಕ್ಕಿಳಿಸೋ ಅರ್ಥಿಂಗ್ ಕೈಕೊಟ್ಟಿದ್ದರೆ ಜೀವಕ್ಕೇ ಸಂಚಕಾರ.

ನಲ್ಲಿಯದೇ ನೋಡಿ. ಬೋರಿನ ಗಡಸು ನೀರಿಗೆ ಒಳಗೆಲ್ಲ ಬಿಳಿ ಪದರ ಕಟ್ಟುತ್ತದೆ, ನೀರು ತಡೆಯೋ ರಬ್ಬರ್ ಬಿಲ್ಲೆ, ಅಂದರೆ ವಾಷರ್, ಸವೆಯುತ್ತದೆ, ತೊಟ್ಟಿಕ್ಕೋಕೆ ಶುರು. ಇವರು ಬಲ ಹಾಕಿ ಇನ್ನೂ ತಿರುವುತ್ತಾರೆ. ಉಳಿದ ವಾಷರೂ ಹರಿದು ಚಿಂದಿ. ವಾಲ್ವ್ ಮುಚ್ಚಿ, ನಲ್ಲಿ ತೆರೆದು ಪೈಪಿನ ನೀರು ಖಾಲಿ ಮಾಡಿ, ಸ್ಪ್ಯಾನರಿನಿಂದ ಮೇಲಿನ ನಟ್ಟು ಬಿಚ್ಚಿ, ಅರ್ಧ ಇಂಚಿನ ನಲ್ಲಿಯ ಹೊಸ ವಾಷರ್ ಕೂರಿಸಿದರೆ ಮುಗೀತು. ವಾಪಸ್ ಜೋಡಿಸುವಾಗ ಸ್ಪಿಂಡಲ್ (ಹಿಡಿಯ ಜೊತೆ ತಿರುಗೋ ಕಡ್ಡಿ) ಪೂರ್ತಿ ತೆರೆದಿರಲಿ, ಇಲ್ಲದಿದ್ದರೆ ಹೊಸ ವಾಷರೂ ಜಜ್ಜಿಹೋಗುತ್ತದೆ.

ನಲ್ಲಿಯನ್ನೇ ಬದಲಿಸುವುದಾದರೆ, ಥ್ರೆಡ್ಡಿನ (ತಿರುಪಿನ ಗೆರೆಗಳ) ತುದಿ ನಮ್ಮ ಕಡೆ ಹಿಡಿದು, ಗಡಿಯಾರದ ಮುಳ್ಳಿನ ದಿಕ್ಕಿಗೆ ಸೋರಿಕೆ ತಡೆಯೋ ಟೆಫ್ಲಾನ್ ಟೇಪು 8–10 ಸುತ್ತು. ಉಲ್ಟಾ ಸುತ್ತಿದರೆ ಬಿಗಿಯುವಾಗ ಟೇಪು ಮುದ್ದೆಯಾಗಿ ಹೊರಗೆ ಬರುತ್ತದೆ, ಗೋಡೆ ಒದ್ದೆ.

ಹುಡುಗರನ್ನಷ್ಟೇ ಬೈದರೆ ತಪ್ಪು. ಅವರು ಸ್ಪ್ಯಾನರ್ ಮುಟ್ಟಿದರೆ ಸಾಕು, ಅಪ್ಪ ಕಸಿದುಕೊಂಡು "ನೀ ಓದ್ಕೋ ಹೋಗು" ಅಂತಾನೆ. ಹೆಣ್ಣುಮಕ್ಕಳಿಗಂತೂ ಟೂಲ್ ಬಾಕ್ಸ್ ತೋರಿಸೋದೂ ಇಲ್ಲ.