ಕೆಡದ ಕಾರಿನ ರಿಪೇರಿ

ಕೆಟ್ಟು ನಿಂತ ಕಾರನ್ನು ರಿಪೇರಿಗೆ ಬಿಟ್ಟರೆ ಮನೆಯಲ್ಲಿ ಅನುಕಂಪ ಸಿಗುತ್ತದೆ; ಚೆನ್ನಾಗಿ ಓಡುತ್ತಿರುವ ಕಾರನ್ನು ಬಿಟ್ಟರೆ ವಿಚಾರಣೆ ನಡೆಯುತ್ತದೆ. ಹದಿನಾಲ್ಕು ವರ್ಷ ತುಂಬಿದ ನಮ್ಮ ಕಾರಿನ ಎಂಜಿನ್ನಿನ ಬಿಸಿ ಇಳಿಸುವ ರೇಡಿಯೇಟರನ್ನೂ, ಅದರ ರಬ್ಬರ್ ಹೋಸುಗಳನ್ನೂ, ಅವುಗಳಲ್ಲಿ ಹರಿಯುವ ದ್ರವವಾದ ಕೂಲೆಂಟಿನ ಡಬ್ಬವನ್ನೂ, ಬಿಸಿ ನೋಡಿಕೊಂಡು ಆ ಹರಿವನ್ನು ತೆರೆಯುವ ಥರ್ಮೋಸ್ಟಾಟ್ ಕೂರುವ ಪ್ಲಾಸ್ಟಿಕ್ ಕವಚವನ್ನೂ ಒಟ್ಟಿಗೇ ಬದಲಾಯಿಸಿಬಿಡೋಣವೆಂದು ನಾನು ಪ್ರಸ್ತಾಪಿಸಿದಾಗ, ನನ್ನಾಕೆ ಕೈಯಲ್ಲಿದ್ದ ಸೊಪ್ಪನ್ನು ಕೆಳಗಿಟ್ಟು, "ಎಲ್ಲಿ ಸೋರ್ತಿದೆ ತೋರಿಸಿ" ಎಂದಳು. ಎಲ್ಲಿಯೂ ಸೋರುತ್ತಿರಲಿಲ್ಲ. ನನ್ನ ಇಡೀ ಕಷ್ಟವೇ ಅದು.

ಅಂಬಾಸಿಡರ್ ಕಾಲದ ರೇಡಿಯೇಟರುಗಳು ತಾಮ್ರ, ಹಿತ್ತಾಳೆಯವು. ಸೋರಿದರೆ ಬೆಸುಗೆ ಹಾಕಿಸಿ ಮತ್ತೆ ಓಡಿಸುತ್ತಿದ್ದರು. ಈಗಿನವುಗಳಲ್ಲಿ ನಡುವಿನ ಜಾಲರಿ ಅಲ್ಯೂಮಿನಿಯಂ, ಎರಡು ತುದಿಯ ತೊಟ್ಟಿಗಳು ಗಾಜಿನ ಎಳೆ ಬೆರೆಸಿದ ನೈಲಾನ್. ಹಗುರ, ಅಗ್ಗ, ತುಕ್ಕಿನ ಕಾಟವಿಲ್ಲ. ಆದರೆ ಸುಮಾರು 90 ಡಿಗ್ರಿ ಬಿಸಿಯ ಕೂಲೆಂಟು ಒತ್ತಡದಲ್ಲಿ ಹರಿದಾಗಲೆಲ್ಲ ಹಿಗ್ಗಿ, ಗಾಡಿ ನಿಂತಾಗಲೆಲ್ಲ ಕುಗ್ಗಿ, ವರ್ಷಗಳು ಕಳೆದಂತೆ ಆ ಪ್ಲಾಸ್ಟಿಕ್ಕು ಪೆಡಸಾಗುತ್ತದೆ. ಒಂದು ದಿನ ಹೇಳದೆ ಕೇಳದೆ ಬಿರುಕು ಬಿಡುತ್ತದೆ. ಕೂಲೆಂಟು ಖಾಲಿಯಾದ ಮೇಲೂ ಓಡಿಸಿದರೆ ಎಂಜಿನ್ನಿನ ಮೇಲ್ಭಾಗವಾದ ಅಲ್ಯೂಮಿನಿಯಂ ಹೆಡ್ಡು ಸೊಟ್ಟಗಾಗಿ, ಅದರಡಿಯ ಸೀಲಾದ ಹೆಡ್ ಗ್ಯಾಸ್ಕೆಟ್ ಹೋಗಿ, ಹಳೆಯ ಕಾರಿನ ಬೆಲೆಯನ್ನೇ ನಾಚಿಸುವ ಬಿಲ್ಲು ಬರುತ್ತದೆ. ಬಿಸಿ ತೋರಿಸುವ ಮುಳ್ಳನ್ನು ನಂಬೋಣವೆಂದರೆ, ಕೂಲೆಂಟಿನಲ್ಲಿ ಮುಳುಗಿರಬೇಕಾದ ಅದರ ಸೆನ್ಸರು ಬರಿ ಗಾಳಿಯಲ್ಲಿ ಉಳಿದಾಗ, ಎಂಜಿನ್ನು ಬೇಯುತ್ತಿದ್ದರೂ ಮುಳ್ಳು ನೆಮ್ಮದಿಯಾಗಿ ನಡುವೆಯೇ ನಿಂತಿರುವುದುಂಟು.

ಇದು ಚಾಮುಂಡಿ ಬೆಟ್ಟದ ತಿರುವಿನಲ್ಲಿ ಆದರೆ ಪರವಾಗಿಲ್ಲ, ಕೆಳಗೆ ನಡೆದುಕೊಂಡೇ ಬರಬಹುದು. ನನ್ನ ಭಯವಿದ್ದದ್ದು ಮೈಸೂರು-ಬೆಂಗಳೂರು ಎಕ್ಸ್‌ಪ್ರೆಸ್‌ವೇ ಬಗ್ಗೆ. 2023ರ ಆಗಸ್ಟಿನಿಂದ ಅದರ ಮುಖ್ಯ ರಸ್ತೆಗೆ ಬೈಕು, ಆಟೊಗಳು ಬರುವಂತಿಲ್ಲ. ಮದ್ದೂರಿನ ಆಚೆ ಬೇಲಿಯ ಒಳಗೆ ಕಾರು ಹೊಗೆಯಾಡುತ್ತ ನಿಂತರೆ, ಬೇಲಿಯ ಹೊರಗಿನ ಸರ್ವಿಸ್ ರಸ್ತೆಯಲ್ಲಿ ಖಾಲಿ ಆಟೊಗಳು ಸಾಲಾಗಿ ಹೋಗುವುದನ್ನು ನೋಡುತ್ತ ನಿಂತಿರಬೇಕಾಗುತ್ತದೆ.

ನಾನು ಅಡುಗೆಮನೆಯ ಉದಾಹರಣೆಯನ್ನು ಮುಂದಿಟ್ಟೆ. ಕುಕ್ಕರಿನ ವೆಯ್ಟ್ ಮಾಡುವ ಕೆಲಸವನ್ನೇ ರೇಡಿಯೇಟರಿನ ಮುಚ್ಚಳವೂ ಮಾಡುತ್ತದೆ, ಸುಮಾರು ಒಂದು ಬಾರ್ ಒತ್ತಡ ಹಿಡಿದಿಟ್ಟರೆ ನೀರು ಕುದಿಯುವುದು 100ಕ್ಕಲ್ಲ, 120 ಡಿಗ್ರಿಗೆ. ಆದ್ದರಿಂದ ಕುಕ್ಕರಿನ ಗ್ಯಾಸ್ಕೆಟ್ಟಿನ ಹಾಗೆ ಇವನ್ನೂ ಮೊದಲೇ ಬದಲಾಯಿಸಬೇಕು ಎಂದು ವಿವರಿಸಿದೆ. "ಕುಕ್ಕರ್ ಗ್ಯಾಸ್ಕೆಟ್ ಹೋಗಿ ಹದಿನೈದು ದಿನ ಆಯ್ತು, ಮೊದಲು ಅದನ್ನ ತನ್ನಿ" ಎಂಬ ಉತ್ತರ ಬಂತು.

ಮಂಡ್ಯದ ಭಾವನವರಿಗೆ ಫೋನು ಹೋಯಿತು. ಅವರ ಕಾರು ನಮ್ಮದಕ್ಕಿಂತ ಹಿರಿಯದು. "ನಂದು ನಲ್ಲಿ ನೀರು ಬಿಟ್ರೆ ಇನ್ನೇನೂ ಕುಡಿದಿಲ್ಲ ಕಣಯ್ಯ, ಒಂದಿನ ಕೈಕೊಟ್ಟಿಲ್ಲ. ನಿಂಗೆ ದುಡ್ಡು ಜಾಸ್ತಿಯಾಗಿದೆ" ಎಂದರು. ಬರಿ ನೀರು ಎಂಜಿನ್ನಿನ ಒಳಗೆ ತುಕ್ಕು ಹಿಡಿಸುತ್ತದೆ, ಗಡಸು ನೀರಾದರೆ ಸುಣ್ಣದ ಪದರ ಕಟ್ಟಿಸುತ್ತದೆ, ಕೂಲೆಂಟಿನಲ್ಲಿರುವ ಗ್ಲೈಕಾಲ್ ಎಂಬ ರಾಸಾಯನಿಕ ಕುದಿಯುವ ಮಟ್ಟವನ್ನು ಇನ್ನಷ್ಟು ಏರಿಸುತ್ತದೆ ಎಂಬ ನನ್ನ ಭಾಷಣದ ನಡುವೆ ಅವರು ಫೋನನ್ನು ಅಕ್ಕನ ಕೈಗೆ ಕೊಟ್ಟು ಎದ್ದುಹೋಗಿದ್ದರು.

ಮುಂಜಾಗ್ರತೆಯ ಮೇಲೆ ಖರ್ಚು ಮಾಡುವುದು ನಮ್ಮ ಮನೆಗೆ ಒಗ್ಗದ ವಿಚಾರವೇನಲ್ಲ. ಪ್ರತಿ ಆಯುಧಪೂಜೆಗೆ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು ಹತ್ತಿಸುತ್ತೇವೆ, ದಸರೆಯ ದರದಲ್ಲಿ ಕೊಂಡ ಬೂದುಗುಂಬಳವನ್ನು ಒಡೆಯುತ್ತೇವೆ; ಆ ನಿಂಬೆಹಣ್ಣು ಎಲ್ಲಿ ಸೋರುತ್ತಿತ್ತೆಂದು ಯಾರೂ ಕೇಳಿದ್ದಿಲ್ಲ. ಮೇಲಾಗಿ ಎರಡು ಬಾಳೆಕಂದು, ಮೂರು ಮಾರು ಚೆಂಡುಹೂವನ್ನು ಮುಂಭಾಗದ ಜಾಲರಿಗೇ ಬಿಗಿದು, ರೇಡಿಯೇಟರಿಗೆ ಬರಬೇಕಾದ ಗಾಳಿಯನ್ನು ಭಕ್ತಿಯಿಂದ ತಡೆದು, ಇಡೀ ಊರು ಸುತ್ತುತ್ತೇವೆ.

ಬನ್ನಿಮಂಟಪದ ಕಡೆಯ ನಮ್ಮ ಮೆಕ್ಯಾನಿಕ್ ಕೂಡ ಮೊದಲಿಗೆ ಒಪ್ಪಲಿಲ್ಲ. ಬಾನೆಟ್ ಎತ್ತಿ, ಟಾರ್ಚು ಬಿಟ್ಟು ನೋಡಿ, "ಚೆನ್ನಾಗಿದೆಯಲ್ಲ ಸಾರ್, ಯಾಕೆ ಕೈ ಹಾಕ್ಬೇಕು?" ಎಂದ. ನನ್ನ ಒತ್ತಾಯಕ್ಕೆ ಮಣಿದು ಮೇಲಿನ ಹೋಸಿನ ಕ್ಲಿಪ್ ಸಡಿಲಿಸಿ, ಹೋಸನ್ನು ಮೆಲ್ಲಗೆ ತಿರುಗಿಸಿದ. ಪಟ್ ಎಂಬ ಸದ್ದಾಯಿತು. ರೇಡಿಯೇಟರಿನ ಪ್ಲಾಸ್ಟಿಕ್ ಮೂತಿ ಹೋಸಿನ ಜೊತೆಯಲ್ಲೇ ಕಿತ್ತು ಅವನ ಕೈಗೆ ಬಂದಿತ್ತು. ಹೊರಗಡೆ ಕರ್ರಗಿದ್ದ ಅದು ಮುರಿದ ಅಂಚಿನಲ್ಲಿ ಕಂದು ಬಣ್ಣಕ್ಕೆ ತಿರುಗಿತ್ತು; ಉಗುರಿನಿಂದ ಕೆರೆದರೆ ಪುಡಿ ಉದುರುತ್ತಿತ್ತು. ಥರ್ಮೋಸ್ಟಾಟ್ ಕವಚದ ಬೋಲ್ಟ್ ಕೂರುವ ಕಿವಿಯೊಂದು ಸ್ಪ್ಯಾನರ್ ತಾಗಿದ್ದೇ ತಡ ಬಿದ್ದುಹೋಯಿತು. ನನಗಾದ ಆನಂದ ಅಷ್ಟಿಷ್ಟಲ್ಲ. ತನ್ನ ಕಾರಿನ ಭಾಗಗಳು ಮುರಿದು ಬೀಳುವುದನ್ನು ಕಂಡು ಹಲ್ಲು ಕಿರಿಯುವ ಗಿರಾಕಿಯನ್ನು ಆ ಹುಡುಗ ಹಿಂದೆ ನೋಡಿರಲಿಲ್ಲವೆಂದು ಕಾಣುತ್ತದೆ. ಎರಡು ಹೆಜ್ಜೆ ದೂರ ಸರಿದು ನಿಂತ.

ಗೆದ್ದೆನೆಂದುಕೊಂಡು ಮುರಿದ ಮೂತಿಯ ಫೋಟೊವನ್ನು ಮನೆಗೆ ಕಳಿಸಿದೆ. "ಅವನು ಮುಟ್ಟೋ ತನಕ ಚೆನ್ನಾಗಿತ್ತಲ್ವಾ?" ಎಂಬ ಮರುಸಂದೇಶ ತಕ್ಷಣ ಬಂತು. ಇದಕ್ಕೆ ಉತ್ತರವನ್ನು ನಾನು ಇವತ್ತಿಗೂ ಹುಡುಕುತ್ತಿದ್ದೇನೆ.

ಹೊಸ ಭಾಗಗಳು ಕೂತ ಮೇಲೆ, ಒಳಗೆ ಸಿಕ್ಕಿಕೊಂಡ ಗಾಳಿಯನ್ನು ಹೊರಹಾಕಲು ಹೀಟರನ್ನು ಪೂರ್ತಿ ಹಾಕಿಕೊಂಡು ಎಂಜಿನ್ ಓಡಿಸಬೇಕಿತ್ತು. ಏಪ್ರಿಲ್ ಮಧ್ಯಾಹ್ನದ ಆ ಸೇವೆಯನ್ನು ಸೀಟಿನಲ್ಲಿ ಕೂತು ನಾನೇ ಸಲ್ಲಿಸಿದೆ. ಅಂದಿನಿಂದ ಕಾರು ಒಮ್ಮೆಯೂ ನಿಂತಿಲ್ಲ. ಅದಕ್ಕೆ ಮೊದಲೂ ನಿಂತಿರಲಿಲ್ಲವಾದ್ದರಿಂದ, ಖರ್ಚು ಮಾಡಿದ್ದಕ್ಕೆ ತೋರಿಸಲು ನನ್ನ ಬಳಿ ಬಿಲ್ಲೊಂದೇ ಇದೆ. ಭಾವನವರ ಕಾರು ನಲ್ಲಿ ನೀರಿನಲ್ಲೇ ನಿರಾತಂಕವಾಗಿ ಓಡುತ್ತಿದೆ, ಹಬ್ಬ ಹರಿದಿನಕ್ಕೆ ನಮ್ಮ ಮನೆಯ ಮುಂದೆಯೇ ಬಂದು ನಿಲ್ಲುತ್ತದೆ ಕೂಡ.

ಕಾರು ಬಿಡಿಸಿಕೊಳ್ಳುವಾಗ ಮೆಕ್ಯಾನಿಕ್ ನನ್ನನ್ನು ಪಕ್ಕಕ್ಕೆ ಕರೆದು, ಎಂಜಿನ್ನಿನ ಹಿಂಬದಿಯಲ್ಲಿ ಹೀಟರಿಗೆ ಹೋಗುವ ಇನ್ನೊಂದು ಪ್ಲಾಸ್ಟಿಕ್ ಪೈಪು ಉಳಿದಿದೆ, ಅದೂ ಅಷ್ಟೇ ವಯಸ್ಸಿನದು, ಸೋರುತ್ತಿಲ್ಲ ಎಂದು ದನಿ ತಗ್ಗಿಸಿ ಹೇಳಿದ. ಪೈಪಿನ ಬೆಲೆ ವಿಚಾರಿಸಿಟ್ಟುಕೊಂಡಿದ್ದೇನೆ. ಮನೆಯಲ್ಲಿ ಇನ್ನೂ ಬಾಯಿ ಬಿಟ್ಟಿಲ್ಲ.